ಸುತ್ತುಬೀದಿಯ ಬಾಡಿಗೆ ಮನೆ

ನಾವು ಮನೆ ನೋಡಲು ಹೋದ ದಿನ ಆ ಮನೆ ಅಲ್ಲಿರಲಿಲ್ಲ. 'ನುಗ್ಗೆಮರದ ಎದುರು, ನೀಲಿ ಬಾಗಿಲು' ಎಂದು ನನ್ನ ಗಂಡ ರಾಚನಿಗೆ ಅವನ ಕೆಲಸದ ಜೊತೆಗಾರನೊಬ್ಬ ಚೀಟಿ ಬರೆದುಕೊಟ್ಟಿದ್ದ. ನುಗ್ಗೆಮರ ಇತ್ತು, ಕಾಯಿಯೂ ಬಿಟ್ಟಿತ್ತು. ಅದರ ಎದುರು ಮಾತ್ರ ನೀಲಿ ಬಾಗಿಲಿನ ಸಣ್ಣ ಮನೆಯ ಬದಲು ಕೆತ್ತನೆ ಕಂಬಗಳ ದೊಡ್ಡ ಮನೆಯೊಂದು ಕಾಲು ಚಾಚಿ ಕೂತಿತ್ತು. ಜಗಲಿಯ ಮೇಲೆ ಬಿಳಿ ಪಂಚೆಯ ಹಿರಿಯರೊಬ್ಬರು ಎಲೆ ಅಡಿಕೆ ಮೆಲ್ಲುತ್ತಿದ್ದರು. ನಮ್ಮ ಕೈಯ ಚೀಟಿ ಕಂಡೇ ನಕ್ಕರು.

"ಚೀಟಿ ಹಳೇದು ಕಣಪ್ಪ. ಮೊನ್ನೆ ಅಮಾವಾಸ್ಯೆ ಹೋಯ್ತಲ್ಲ, ಮನೆ ಮುಂದಕ್ಕೆ ಹೋಯ್ತು. ಅಗೋ, ಪಕ್ಕದಲ್ಲಿದೆ ನೋಡು. ನಾನೇ ಅದರ ಯಜಮಾನ. ತಮ್ಮಯ್ಯ ಅಂತಾರೆ."

ರಾಚ ಕೈಮುಗಿದ. ನಾನು ಮುಗಿಯಲಿಲ್ಲ, ಕೈಯಲ್ಲಿ ಚೀಲವಿತ್ತು. ಇಲ್ಲದಿದ್ದರೂ ಮುಗಿಯುತ್ತಿರಲಿಲ್ಲ.

ಆ ಊರಿನ ಹೆಸರು ಹೇಳಿ ಪ್ರಯೋಜನವಿಲ್ಲ. ಅದು ಯಾವ ನಕ್ಷೆಯಲ್ಲೂ ಇಲ್ಲ. ಸರ್ವೆಯವರು ಮೂರು ಸಲ ಬಂದು ಗೆರೆ ಎಳೆದು, ಮೂರು ಸಲವೂ ಗೆರೆ ಸುಳ್ಳಾಗಿ, ಟೇಪು ಸುತ್ತಿಕೊಂಡು ಹೋದರಂತೆ. ನಗರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಒಂದೇ ಬೀದಿ, ಗುಡ್ಡವೊಂದನ್ನು ಬಳೆಯ ಹಾಗೆ ಸುತ್ತಿಕೊಂಡಿದೆ. ಅರವತ್ತೆರಡು ಮನೆ. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ, ಊಟದ ಹೊತ್ತಿಗೆ, ಮನೆಗಳು ಒಂದೊಂದು ಜಾಗ ಮುಂದಕ್ಕೆ ಹೋಗುತ್ತವೆ. ಐದು ವರ್ಷ ಎರಡು ತಿಂಗಳಿಗೆ ಒಂದು ಸುತ್ತು. ಯಾಕೆ ಹೀಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಲೈನ್‌ಮನ್ ಕರೆಂಟಿನ ತಂತಿಯನ್ನು ಹೆರಳಿನ ಹಾಗೆ ಸುತ್ತಿ ಉದ್ದಕ್ಕೆ ಬಿಟ್ಟಿರುತ್ತಾನೆ. ಅಂಚೆಯವನು ಬಾಗಿಲ ಬಣ್ಣ ನೋಡಿ ಕಾಗದ ಕೊಡುತ್ತಾನೆ. ಮರಗಳು ಮಾತ್ರ ನಿಂತಲ್ಲೇ ನಿಲ್ಲುತ್ತವೆ, ಹಾಗಾಗಿ ಅಲ್ಲಿ ಗಿಡ ನೆಟ್ಟವರಿಗೆ ಹಣ್ಣು ಸಿಕ್ಕುವುದಿಲ್ಲ, ಬಂದವರಿಗೆ ಸಿಕ್ಕುತ್ತದೆ. ಅಕ್ಕಪಕ್ಕದವರು ಯಾವಾಗಲೂ ಅವರೇ. ನೆರೆ ಬದಲಾಗುವುದಿಲ್ಲ, ನೆಲ ಬದಲಾಗುತ್ತದೆ.

ಬೀದಿಯ ತಲೆ ಇರುವುದು ಟಾರು ರಸ್ತೆಯ ಪಕ್ಕ. ಬಸ್‌ಸ್ಟಾಪು, ಹೊಂಗೆಯ ನೆರಳು, ಒಂದು ಕಲ್ಲುಬೆಂಚು. ಗುಡ್ಡದ ಆಚೆ ಬದಿ, ಸರಿಯಾಗಿ ಅದರ ಬೆನ್ನಿಗೆ, ಚರ್ಮ ಹದ ಮಾಡುವ ಗುಂಡಿಗಳು. ಗುಂಡಿಗಳೂ ಮರಗಳ ಹಾಗೆ ನಿಂತಲ್ಲೇ ನಿಂತಿವೆ. ಯಾರ ಮನೆ ತಲೆಗೆ ಬಂದು ನಿಲ್ಲುತ್ತದೋ ಆ ತಿಂಗಳು ಅದು ತಲೆಮನೆ. ಮನೆ ಸರಿಯುವಾಗ ಒಲೆಯ ಮೇಲಿನ ತಪ್ಪಲೆ ಉರುಳದ ಹಾಗೆ ಒಬ್ಬರು ಕೈಯಿಟ್ಟು ಹಿಡಿದಿರುತ್ತಾರೆ. ತಲೆಮನೆಯಲ್ಲಿ ಹಾಗೆ ಹಿಡಿದವರು ಆ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಬೀದಿಯ ಜಗಳ, ತಕರಾರು, ಅಹವಾಲು ಎಲ್ಲ ಅವರ ಮುಂದೆ. ಅವರಾಡಿದ ಮಾತನ್ನು ಆ ಮನೆ ಇನ್ನೊಂದು ಸುತ್ತು ಬರುವ ತನಕ ಯಾರೂ ಮುರಿಯುವಂತಿಲ್ಲ. ಮನೆ ಸರಿಯುವ ಹೊತ್ತಿನಲ್ಲಿ ಸೂರಿನ ಕೆಳಗೆ ಯಾರಿರುತ್ತಾರೋ ಅವರು ಬಾಡಿಗೆಯವರೇ ಆಗಲಿ, ಆ ಸುತ್ತು ಮುಗಿಯುವ ತನಕ ಆ ಮನೆಯವರು. ಎಬ್ಬಿಸುವಂತಿಲ್ಲ.

ಇಷ್ಟನ್ನೂ ನಮಗೆ ಹೇಳಿದವರು ತಮ್ಮಯ್ಯನವರೇ. ಅವರು ಜಗಲಿಯ ಮೇಲೆ ಕೂತು ಹೇಳಿದರು. ನಾವು ಕೆಳಗೆ ನಿಂತು ಕೇಳಿದೆವು.

"ಮುಂದಿನ ಅಮಾವಾಸ್ಯೆಗೆ ನೀಲಿ ಬಾಗಿಲು ತಲೆಮನೆ ಆಗುತ್ತೆ," ಎಂದು ರಾಚನ ಕಡೆ ನೋಡಿ ಅಂದರು. "ಅದಕ್ಕೇ ಒಳ್ಳೆಯವರು ಬೇಕು ಅಂತ ನೋಡ್ತಿದೀನಿ. ಯಾವ ಜನ ಅಂತ ನಾನು ಕೇಳಲ್ಲ. ನನಗೆ ಗೊತ್ತಾಗುತ್ತೆ. ನಿಮ್ಮ ಜನ ಮಾತು ಕೊಟ್ರೆ ತಪ್ಪಲ್ಲ ಬಿಡು."

ನಾನು ಬೀದಿಯನ್ನು ಪೂರ್ತಿ ಒಂದು ಸುತ್ತು ನೋಡಬೇಕು ಎಂದು ಹಟ ಹಿಡಿದೆ. ಮನೆ ಹೋಗಿ ನಿಲ್ಲುವ ಜಾಗಗಳನ್ನೆಲ್ಲ ನೋಡದೆ ಮನೆ ನೋಡಿದ ಹಾಗೆ ಹೇಗಾಗುತ್ತದೆ? ಗುಡ್ಡದ ಆಚೆ ಹೋದಂತೆ ವಾಸನೆ ಮುಖಕ್ಕೆ ಹೊಡೆಯಿತು. ಸುಣ್ಣದ ನೀರು, ತಂಗಡಿ ತೊಗಟೆ, ನೆನೆದ ತೊಗಲು. ಗುಂಡಿಯ ಬದಿಗೆ ಆ ತಿಂಗಳು ಬಂದು ನಿಂತಿದ್ದವು ಚರ್ಮದ ಕೆಲಸದವರ ಎಂಟು ಮನೆ. ಒಂದರ ಮುಂದೆ ಮುದುಕಿಯೊಬ್ಬಳು ಎಮ್ಮೆ ಚರ್ಮದಲ್ಲಿ ಚಪ್ಪಲಿಯ ಅಟ್ಟೆ ಕೊಯ್ಯುತ್ತಿದ್ದಳು. ಹೊಂಬಾಳಮ್ಮ ಎಂದು ಹೆಸರು ಹೇಳಿದಳು. ಇಡೀ ಬೀದಿಗೆ ಅವಳೇ ಹಿರಿಯಳು.

"ಈಗ ಕೆಲಸಕ್ಕೆ ನಾಕು ಹೆಜ್ಜೆ," ಅಂದಳು. "ಎಲ್ಡೂವರೆ ವರ್ಸ ಕಳುದ್ರೆ ನಾವೂ ಬಸ್‌ಸ್ಟಾಪಿನ ತಾವ ಇರ್ತೀವಿ. ಆಗ ಕೆಲಸಕ್ಕೆ ಗುಡ್ಡ ಸುತ್ತಿ ಬರಬೇಕು. ಬತ್ತೀವಿ, ಹೊಂಗೆ ನೆಳ್ಳಲ್ಲಿ ಮಲಗೆದ್ದು ಬತ್ತೀವಿ."

"ದೊಡ್ಡ ಮನೆಯವರ ಮನೆ ಇಲ್ಲಿಗೆ ಬಂದಾಗ?"

"ಅವರಾ?" ಹೊಂಬಾಳಮ್ಮ ಕತ್ತಿಯನ್ನು ಕಲ್ಲಿಗೆ ಮಸೆದಳು. "ಮೂರು ತಿಂಗಳು ಬೀಗ ಹಾಕ್ಕೊಂಡು ನೆಂಟರ ಮನೆಗೆ ಹೋಯ್ತಾರೆ. ಮೂಗಿದ್ದೋರು ನೋಡವ್ವ. ನಮಗೆಲ್ಲೈತೆ ಮೂಗು?"

ನನಗೆ ಮುದುಕಿ ಹಿಡಿಸಿದಳು. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ರಾಚನಿಗೆ ನಾನು ಹೇಳಿದ್ದು, ನಗರವೇ ಇರಲಿ ಎಂದು.

ನಗರದಲ್ಲಿ ನಮಗೆ ಇನ್ನೊಂದು ಮನೆ ಗೊತ್ತಾಗಿತ್ತು. ಮದುವೆಯಾಗಿ ನಾಲ್ಕು ತಿಂಗಳಿಂದ ರಾಚನ ಜೊತೆಗಾರನ ಮನೆಯ ಹಿಂಬದಿಯ ಶೀಟಿನ ಕೋಣೆಯಲ್ಲಿದ್ದೆವು. ಅವನ ತಂಗಿ ಬಾಣಂತನಕ್ಕೆ ಬರುವವಳಿದ್ದಳು, ನಾವು ಬಿಡಬೇಕಿತ್ತು. ಸುಲೋಚನಾ ಟೀಚರ್ ಎಂಬ ನಿವೃತ್ತ ಮೇಡಂ ತಮ್ಮ ಎರಡನೇ ಮಹಡಿ ಕೊಡುವುದಾಗಿ ಒಪ್ಪಿದ್ದರು. ಗಾಳಿ, ಬೆಳಕು, ಎರಡು ಬೀದಿ ದಾಟಿದರೆ ಲೈಬ್ರರಿ. ಅದರ ಹಿಂದಿನ ಹಾಲಿನಲ್ಲಿ ಪ್ರತಿ ಭಾನುವಾರ ನಮ್ಮ ಓದುಬಳಗ ಕೂರುತ್ತದೆ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಆರು ದಿನ ಮಂದಿಯ ಮದುವೆ ಕರೆಯೋಲೆ ತಿದ್ದಿ ತಿದ್ದಿ ಸಾಯುವವಳಿಗೆ ಏಳನೆಯ ದಿನ ಉಸಿರು ಬರುತ್ತಿದ್ದುದೇ ಆ ಬಳಗದಿಂದ. ಅಲ್ಲಿ ಇಪ್ಪತ್ತು ಜನ ನೆಲದ ಮೇಲೆ ವೃತ್ತವಾಗಿ ಕೂತು ಒಂದು ಪುಸ್ತಕವನ್ನು ಸಿಗಿದು ಹಾಕುತ್ತಿದ್ದೆವು. ನನ್ನ ದನಿ ಎಲ್ಲರಿಗಿಂತ ಜೋರು.

ಟೀಚರ್ ಒಳ್ಳೆಯವರು. ಚಹಾ ಕೊಟ್ಟರು, ತಮ್ಮದೇ ಲೋಟದಂಥ ಲೋಟದಲ್ಲಿ. ಆಮೇಲೆ ದನಿ ತಗ್ಗಿಸಿದರು.

"ನನಗೇನೂ ಇಲ್ಲಮ್ಮ, ನಾನು ಅದನ್ನೆಲ್ಲ ನೋಡೋಳೇ ಅಲ್ಲ. ಆದ್ರೆ ಬಿಲ್ಡಿಂಗಿನಲ್ಲಿ ಬೇರೆಯವರೂ ಇದಾರೆ ನೋಡು. ಚಿಕ್ಕತಾಯಿ ಅನ್ನೋದು... ಸ್ವಲ್ಪ ಗೊತ್ತಾಗಿಬಿಡುತ್ತೆ. ಚೈತ್ರಾ ಅಂತ ಕರೀಲಾ? ಇವರನ್ನ ರಾಜೇಶ್ ಅನ್ನೋಣ. ಮೊಟ್ಟೆ ಪರವಾಗಿಲ್ಲ, ಕಿಟಕಿ ಹಾಕ್ಕೊಂಡು ಮಾಡ್ಕೊಳ್ಳಿ. ಬಾಡು ಮಾತ್ರ ಬೇಡ. ಯೋಚನೆ ಮಾಡಿ ಹೇಳಿ. ಅಮಾವಾಸ್ಯೆ ದಿನ ಯಾರೂ ಮನೆ ಬದಲಾಯಿಸಲ್ಲ, ಮಾರನೇ ದಿನ ಹಾಲುಕ್ಕಿಸಿ."

ಮೆಟ್ಟಿಲಿಳಿಯುವಾಗ ನನ್ನ ಕಿವಿ ಸುಡುತ್ತಿತ್ತು. ಆದರೂ ಬೇಡ ಎನ್ನಲಿಲ್ಲ. ಮೂರು ತಿಂಗಳಲ್ಲಿ ಈ ಹೆಂಗಸನ್ನು ತಿದ್ದುತ್ತೇನೆ, ಬಾಗಿಲ ಮೇಲೆ ನನ್ನ ಹೆಸರು ನಾನೇ ಬರೆಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬಳಗದಲ್ಲಿ ದೊಡ್ಡ ಮಾತಾಡುವವರಿಗೆ ಬರುವ ಜಂಬ ಅದು.

ರಾಚ ಸುತ್ತುಬೀದಿಯೇ ಇರಲಿ ಎಂದ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲ ಬಾವಿಯೊಳಗೆ ನೇತಾಡಿಕೊಂಡು ಮಂದಿಯನ್ನು ಮೇಲೆ ಕೆಳಗೆ ಕಳಿಸುವವನು. ಮಾತು ಕಮ್ಮಿ. "ನನ್ನ ರಾಜೇಶ ಅಂತ ಕರೆದ್ರೆ ನಾನು ತಿರುಗಿ ನೋಡೋದೂ ಇಲ್ಲ ಕಣಮ್ಮಿ. ಬೇರೆ ಯಾರನ್ನೋ ಕರೀತಾವ್ರೆ ಅನ್ಕೊಂಡು ಹೋಗಿಬಿಡ್ತೀನಿ," ಅಂದ. ನಾನು ನಕ್ಕೆ, ಒಪ್ಪಲಿಲ್ಲ. ಆ ತಿಂಗಳೆಲ್ಲ ಇದೇ ಮಾತು. ಅವನು ನಾನಿಲ್ಲದೆ ಎರಡು ಸಲ ಆ ಊರಿಗೆ ಹೋಗಿಬಂದ. ಏನು ಮಾತಾಡಿದೆ ಎಂದರೆ, "ನಲ್ಲಿ ನೋಡ್ದೆ, ಒಲೆ ನೋಡ್ದೆ," ಎಂದ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಅಮಾವಾಸ್ಯೆಯ ದಿನ ಬೆಳಿಗ್ಗೆ ಹೋಗಿ ನೀಲಿ ಬಾಗಿಲಿನ ಮನೆಯಲ್ಲಿ ಒಂದು ಹೊತ್ತು ಅಡುಗೆ ಮಾಡಿ ನೋಡುವುದು. ಅಡುಗೆ ಮಾಡಿ ನೋಡದೆ ಯಾರೂ ಅಲ್ಲಿ ಮನೆ ಹಿಡಿಯುವುದಿಲ್ಲ. ಹಿಡಿಸಿದರೆ ಮನೆ ಸರಿಯುವಾಗ ಒಳಗೆ ಇದ್ದುಬಿಡುವುದು, ಇಲ್ಲದಿದ್ದರೆ ಅಷ್ಟರೊಳಗೆ ಹೊಸಿಲು ದಾಟಿ ಬಂದು ಮಾರನೆಯ ದಿನ ಟೀಚರ್ ಮನೆಯಲ್ಲಿ ಹಾಲುಕ್ಕಿಸುವುದು.

ಹುರುಳಿಕಾಳಿನ ಬಸ್ಸಾರು ರಾಚನದು. ನಮ್ಮಲ್ಲಿ ಸಾರು ಅವನು ಮಾಡುತ್ತಾನೆ, ಮುದ್ದೆ ನಾನು ತಿರುವುತ್ತೇನೆ. ಒಲೆಯ ಮುಂದೆ ಕೂತವನು ಆವತ್ತು ಯಾಕೋ ತಪ್ಪಲೆಯ ಮುಚ್ಚಳದ ಮೇಲಿಂದ ಕೈ ತೆಗೆಯಲೇ ಇಲ್ಲ. ಇನ್ನೂ ಹೊತ್ತಿತ್ತು.

"ಈಗಲೇ ಯಾಕೆ ಹಿಡ್ಕೊಂಡಿದೀಯ?" ಅಂದೆ.

"ತಮ್ಮಯ್ಯನೋರು ಹೇಳವ್ರೆ. ನೀನೇ ಹಿಡ್ಕೋ, ಹೆಂಗಸಿನ ಕೈಗೆ ಬಿಡಬೇಡ ಅಂತ."

"ಯಾಕಂತೆ?"

ಅವನು ಹುರುಳಿಕಾಳು ನೋಡಿಕೊಂಡೇ ಹೇಳಿದ. ಬಸ್ಸಿನಲ್ಲಿ ಹೇಳಬೇಕಾದ್ದನ್ನು, ಎರಡು ವಾರದ ಹಿಂದೆ ಹೇಳಬೇಕಾದ್ದನ್ನು, ಒಲೆಯ ಮುಂದೆ ಕೂತು ಹೇಳಿದ. ಮನೆ ಸರಿದ ಮೇಲೆ ತಮ್ಮಯ್ಯನವರು ಕಲ್ಲುಬೆಂಚಿನ ಮುಂದೆ ಅಹವಾಲು ಇಡುತ್ತಾರೆ. ಈ ಓಡಾಟ ಸಾಕು, ಪ್ರತಿ ಮನೆಯ ನಾಲ್ಕು ಮೂಲೆಗೂ ಕಬ್ಬಿಣದ ಗೂಟ ಹೊಡೆದು ನಿಲ್ಲಿಸಬೇಕು ಎಂದು. ಬೀದಿಯ ಕಮ್ಮಾರ ಬೊಮ್ಮಾಚಾರಿಯ ಕುಲುಮೆಯಲ್ಲಿ ಗೂಟಗಳು ಆಗಲೇ ಸಿದ್ಧವಾಗಿವೆ. ತಲೆಮನೆಯವರು ಹೂಂ ಅಂದರೆ ಆಯಿತು, ಎಲ್ಲರ ಮನೆಯೂ ಈ ತಿಂಗಳು ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

"ಅವರ ಮನೆ ಎರಡನೇದು. ನಮ್ಮದು ಮೊದಲನೇದು," ರಾಚ ಹೇಳಿದ. "ಯಾವತ್ತೂ ಮೊದಲನೇದೇ ಆಗಿರುತ್ತೆ ಕಣಮ್ಮಿ. ಬಾಗಿಲಲ್ಲೇ ಬಸ್ಸು. ನಿನ್ನ ಪ್ರೆಸ್ಸು, ನಿನ್ನ ಭಾನುವಾರ, ಏನೂ ತಪ್ಪಲ್ಲ. ನಾನು ಮಾತು ಕೊಟ್ಟಿದೀನಿ."

"ಆ ಎಂಟು ಮನೆ?"

ಅವನು ಇನ್ನೊಂದು ಕೈಯಲ್ಲಿ ಸೌದೆಯನ್ನು ಒಳಕ್ಕೆ ತಳ್ಳಿದ.

"ರಾಚ, ಹೊಂಬಾಳಮ್ಮನ ಮನೆ ಈ ತಿಂಗಳು ಎಲ್ಲಿ ನಿಲ್ಲುತ್ತೆ?"

"ಗೊತ್ತು."

"ಗೂಟ ಹೊಡೆದ ಮೇಲೆ ಎಲ್ಲಿ ನಿಲ್ಲುತ್ತೆ?"

"ಗೊತ್ತು ಅಂದ್ನಲ್ಲ!" ಅವನ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಮ್ಮಪ್ಪ ಊರ ಕೊನೇಲಿ ಹುಟ್ಟಿ ಊರ ಕೊನೇಲಿ ಸತ್ತ. ನಾನು ಅಲ್ಲೇ ಹುಟ್ಟಿದೆ. ಒಂದು ಸಲ, ಒಂದೇ ಸಲ ನಾವು ಮುಂದೆ ನಿಂತ್ರೆ ಏನಾಯ್ತು? ನೀನು ಭಾನುವಾರ ಭಾನುವಾರ ನ್ಯಾಯ ಮಾತಾಡ್ತೀಯ, ಮಾತಾಡಿ ಬಸ್ಸು ಹತ್ತಿ ಬರ್ತೀಯ. ನಾನು ದಿನಾ ನೇತಾಡ್ತೀನಿ!"

ಆ ಮಾತು ತಾಗಿತು. ತಾಗಬೇಕಾದ ಜಾಗಕ್ಕೇ ತಾಗಿತು. ನಾನು ಎದ್ದು ಚೀಲ ತೆಗೆದುಕೊಂಡೆ. ಹೊಸಿಲು ಮೂರು ಹೆಜ್ಜೆ. ದಾಟಿದರೆ ಈ ಪಾಪ ನನ್ನದಲ್ಲ, ನಾಳೆ ಚೈತ್ರಾ ಆಗಿ ಹಾಲುಕ್ಕಿಸಬಹುದು. ಹೊಸಿಲಿನ ಮೇಲೆ ಒಂದು ಕಾಲಿಟ್ಟಾಗ ಹೊರಗೆ ತಮ್ಮಯ್ಯನವರು ಕಂಡರು. ನಮ್ಮ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಇನ್ನೊಬ್ಬ ಗಂಡ, ಇನ್ನೊಬ್ಬಳು ಹೆಂಡತಿ, ಕೈಯಲ್ಲೊಂದು ಪುಟ್ಟ ಟ್ರಂಕು. ನಮ್ಮಂಥವರೇ. ನಮ್ಮದೇ ಬಣ್ಣ, ನಮ್ಮದೇ ಬಡಕಲು ಕಾಲು. ನಾವು ಹೊರಗೆ ಬಂದರೆ ಒಳಗೆ ಹೋಗಲು ತಯಾರಾಗಿ ನಿಂತಿದ್ದರು.

ಆಗ ನನಗೆ ಪೂರ್ತಿ ಅರ್ಥವಾಯಿತು. ಅವರಿಗೆ ಬೇಕಾದದ್ದು ನಾವಲ್ಲ, ನಮ್ಮ ಬಾಯಿ. ಗೂಟದ ಮಾತು ದೊಡ್ಡ ಮನೆಯ ಬಾಯಲ್ಲಿ ಬಂದರೆ ದಬ್ಬಾಳಿಕೆ ಅನ್ನಿಸಿಕೊಳ್ಳುತ್ತದೆ, ನಮ್ಮವರ ಬಾಯಲ್ಲಿ ಬಂದರೆ ನ್ಯಾಯ ಅನ್ನಿಸಿಕೊಳ್ಳುತ್ತದೆ. ನಾನು ಈಗ ಎದ್ದು ಹೋದರೆ ಉಳಿಯುವುದು ನನ್ನ ಕೈಯ ಶುದ್ಧಿ ಒಂದೇ. ಗೂಟ ಬಿದ್ದೇ ಬೀಳುತ್ತದೆ.

ನಾನು ಕಾಲು ಹಿಂದಕ್ಕೆ ತೆಗೆದು ಬಾಗಿಲು ಹಾಕಿದೆ.

"ನಾವು ಇಲ್ಲೇ ಇರ್ತೀವಿ," ಅಂದೆ. "ಆದ್ರೆ ನೀನು ಹೂಂ ಅನ್ನೋ ಹಾಗಿಲ್ಲ."

"ಮಾತು ಕೊಟ್ಟಿದೀನಿ ಕಣಮ್ಮಿ! ಕೊಟ್ಟ ಮಾತು—" ರಾಚ ಎರಡೂ ಕೈ ಎತ್ತಿ ಎದ್ದುಬಿಟ್ಟ. ಅದೇ ಗಳಿಗೆಗೆ ಮನೆ ಹೊರಟಿತು.

ಸದ್ದಿಲ್ಲ. ಎತ್ತು ಹೆಗಲು ಬದಲಿಸಿದ ಹಾಗೆ ಒಂದು ಓಲಾಟ. ಕಿಟಕಿಯ ಅಂಚಿನಲ್ಲಿ ಕಾಣುತ್ತಿದ್ದ ನುಗ್ಗೆಮರ ಹಿಂದಕ್ಕೆ ಹೋಯಿತು. ಒಲೆಯ ಮೇಲೆ ತಪ್ಪಲೆ ವಾಲಿತು. ನಾನು ಎರಡು ಹೆಜ್ಜೆ ಹಾರಿ ಬರಿಗೈಯಲ್ಲಿ ಅದರ ಕಂಠ ಹಿಡಿದೆ. ಅಂಗೈ ಸುಟ್ಟಿತು, ಬಿಡಲಿಲ್ಲ. ಕಿಟಕಿಯಲ್ಲಿ ಹೊಂಗೆಯ ಕೊಂಬೆ ಬಂದು ನಿಂತ ಮೇಲೆಯೇ ಬಿಟ್ಟದ್ದು. ರಾಚ ಗೋಡೆಗೆ ಒರಗಿ, ಎತ್ತಿದ ಕೈಗಳನ್ನು ಇಳಿಸುವುದನ್ನೂ ಮರೆತು ನನ್ನನ್ನು ನೋಡುತ್ತಿದ್ದ. ಆಮೇಲೆ ಬಂದು ನನ್ನ ಕೈಗೆ ನೀರು ಹಾಕಿದ.

ಅರ್ಧ ಗಂಟೆಯೊಳಗೆ ಹೊರಗೆ ಅರವತ್ತೆರಡು ಮನೆಯವರೂ ಬಂದು ಸೇರಿದ್ದರು. ಮನೆ ಸರಿದ ಮೇಲೆ ಹಾಗೆ ಬಂದು ನಿಲ್ಲುವುದು ಅಲ್ಲಿನ ಪದ್ಧತಿ. ತಲೆಮನೆಯ ಮುಂದೆ ನಿಂತು ಒಂದು ಮಾತು ಕೇಳುವುದು ಬೀದಿಯ ಹಿರಿಯ ಹೆಂಗಸಿನ ಪಾಲಿಗೆ ಬಂದದ್ದು. ಹೊಂಬಾಳಮ್ಮ ಗುಡ್ಡ ಸುತ್ತಿ ಬಂದು ಏದುಸಿರು ಬಿಡುತ್ತಿದ್ದಳು. ಅವಳ ಹಿಂದೆ ಎಂಟು ಮನೆಯ ಗಂಡಸರು ಹೆಂಗಸರು. ಗೂಟದ ಸುದ್ದಿ ಅವರಿಗೂ ಮುಟ್ಟಿತ್ತು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಬೊಮ್ಮಾಚಾರಿ ಗಾಡಿಯ ತುಂಬ ಗೂಟ ಹೇರಿಕೊಂಡು ಬಂದು ಹೊಂಗೆಯ ಕೆಳಗೆ ನಿಂತಿದ್ದ.

"ತಪ್ಪಲೆ ಮೇಲೆ ಯಾರ ಕೈಯಿತ್ತು?" ಹೊಂಬಾಳಮ್ಮ ಕೇಳಿದಳು.

ತಮ್ಮಯ್ಯನವರು ರಾಚನನ್ನು ನೋಡಿದರು. ಒಂದು ಬೆರಳಿನಿಂದ ಬೆಂಚಿನ ಕಡೆ ತೋರಿಸಿದರು, ಮಕ್ಕಳಿಗೆ ತೋರಿಸುವ ಹಾಗೆ. ಮನೆಯೊಳಗೆ ನಾವಿಬ್ಬರೇ ಇದ್ದದ್ದು. ರಾಚ 'ನನ್ನದು' ಅಂದಿದ್ದರೆ ಅಲ್ಲಗಳೆಯುವವರು ಯಾರು? ನಾನು ಅಲ್ಲಗಳೆದರೆ, ಗಂಡನ ಮಾತಿನ ಮೇಲೆ ಮಾತಾಡುವ ಹೆಂಡತಿ ಎಂದು ನಕ್ಕು ಮುಗಿಸುತ್ತಿದ್ದರು. ಓದುಬಳಗದಲ್ಲಿ ನಾನು ಗೆದ್ದ ಅಷ್ಟೂ ವಾದಗಳು ಆ ಹೊತ್ತಿನಲ್ಲಿ ಒಂದು ಕಾಸಿನ ಕೆಲಸಕ್ಕೆ ಬರಲಿಲ್ಲ. ಎಲ್ಲ ಅವನ ನಾಲಿಗೆಯ ಮೇಲಿತ್ತು.

ರಾಚ ತಮ್ಮಯ್ಯನವರನ್ನು ನೋಡಿದ. ಆಮೇಲೆ ಹೊಂಬಾಳಮ್ಮನ ಕಾಲುಗಳನ್ನು ನೋಡಿದ. ಮೊಣಕಾಲ ತನಕ ಸುಣ್ಣದ ನೀರು ತಿಂದು ಬಿರಿದ ಕಾಲುಗಳು.

"ಇವಳದು," ಅಂದ. "ಚಿಕ್ಕತಾಯಿದು. ನಾನು ಬಿಟ್ಟುಬಿಟ್ಟಿದ್ದೆ."

"ಏಯ್, ಸರಿಯಾಗಿ ಯೋಚನೆ ಮಾಡಿ ಹೇಳೋ," ತಮ್ಮಯ್ಯನವರು ನಗುತ್ತಲೇ ಅಂದರು.

"ಸರಿಯಾಗೇ ಹೇಳ್ತಿದೀನಿ ಸ್ವಾಮಿ. ಅವಳ ಅಂಗೈ ನೋಡಿ, ಬೊಬ್ಬೆ ಬಂದಿದೆ."

ನಾನು ಹೋಗಿ ಬೆಂಚಿನ ಮೇಲೆ ಕೂತೆ. ಕಲ್ಲು ಬಿಸಿಲಿಗೆ ಕಾದಿತ್ತು. ತಮ್ಮಯ್ಯನವರು ಅಹವಾಲು ಹೇಳಿದರು. ಚೆನ್ನಾಗಿಯೇ ಹೇಳಿದರು. ಸರ್ವೆ ಆಗುತ್ತದೆ, ನಕ್ಷೆ ಬರುತ್ತದೆ, ಊರಿಗೊಂದು ಹೆಸರು ಬರುತ್ತದೆ, ನೆಟ್ಟವರಿಗೇ ಹಣ್ಣು ಸಿಕ್ಕುತ್ತದೆ. ಕೊನೆಗೆ ನನ್ನ ಕಡೆ ತಿರುಗಿದರು. "ಹೆಣ್ಣುಮಗಳೇ ಹೇಳಲಿ, ನನಗೇನು. ನಿನ್ನ ಮನೆಯೇ ಮೊದಲನೇದು. ನಿಮ್ಮ ವಂಶದಲ್ಲಿ ಯಾರಾದ್ರೂ ಬೀದಿ ತಲೇಲಿ ವಾಸ ಮಾಡಿದ್ರೇನವ್ವಾ? ನೀನು ಮಾಡು. ಶಾಶ್ವತವಾಗಿ ಮಾಡು."

"ಯಜಮಾನ್ರೇ," ಅಂದೆ, "ನಾನು ಹುಟ್ಟಿದ್ದು ಗೂಟ ಹೊಡೆದಿದ್ದ ಊರಲ್ಲಿ. ಓದಿದ್ದು ಗೂಟ ಹೊಡೆದಿದ್ದ ಶಾಲೇಲಿ, ಹಿಂದಿನ ಸಾಲಲ್ಲಿ. ನಾಳೆ ನಾನು ಹೋಗಬೇಕಾಗಿದ್ದ ಮನೆಗೂ ಗೂಟ ಹೊಡೆದಾಗಿದೆ, ಅಲ್ಲಿ ನನ್ನ ಹೆಸರು ಒಳಗೆ ಬರೋ ಹಾಗಿಲ್ಲ. 'ಇಲ್ಲಿ ನಿಲ್ಲು' ಅಂತ ಒಬ್ಬರು ಹೇಳ್ತಾರೆ, ಇನ್ನೊಬ್ಬರು ತಲೆತಲಾಂತರ ಅಲ್ಲೇ ನಿಂತಿರ್ತಾರೆ. ನಕ್ಷೆಯಲ್ಲಿರೋ ಊರುಗಳಿಗೆಲ್ಲ ಹೊಡೆದು ಮುಗಿದಿದೆ. ಹೊಡೆಯದೇ ಉಳಿದಿರೋದು ಇದೊಂದು. ಇದಕ್ಕೂ ನನ್ನ ಕೈಲೇ ಹೊಡೆಸ್ತೀರಾ? ಆಗಲ್ಲ. ಗೂಟ ಹೊಡೆಯೋ ಹಾಗಿಲ್ಲ. ಈ ಸುತ್ತಿಗೆ ಇದೇ ಮಾತು."

ಬೊಮ್ಮಾಚಾರಿ ಗಂಟಲು ಸರಿಮಾಡಿಕೊಂಡು, "ಅಲ್ಲ, ಇನ್ನೂರ ನಲವತ್ತೆಂಟು ಗೂಟ ಬಡಿದಿದೀನಿ. ಇವನ್ನೇನು ನನ್ನ ತಲೆಗೆ ಹೊಡ್ಕೊಳ್ಳಾ?" ಎಂದ.

"ಎಮ್ಮೆ ಕಟ್ಟಾಕು!" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಬೀದಿಯುದ್ದ ಹರಿಯಿತು. ದೊಡ್ಡ ಮನೆಯ ಸೊಸೆಯೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ನಾನು ನೋಡಿದೆ.

ತಮ್ಮಯ್ಯನವರ ಮುಖದಲ್ಲಿ ನಗು ಉಳಿದಿರಲಿಲ್ಲ. "ನಾಳೆ ನನ್ನ ಮನೆ ಖಾಲಿ ಮಾಡು," ಅಂದರು.

"ಸೂರಿನ ಕೆಳಗಿದ್ದು ಸರಿದು ಬಂದವರನ್ನ ಸುತ್ತು ಮುಗಿಯೋ ತನಕ ಎಬ್ಬಿಸೋ ಹಾಗಿಲ್ಲ ಅಂದೋರು ನೀವೇ ಅಲ್ವಾ?"

"ಇರು, ಇರು. ಮೂವತ್ತೊಂದು ತಿಂಗಳಿಗೆ ನಿನ್ನ ಮನೇನೂ ಗುಂಡಿ ಪಕ್ಕ ಹೋಗುತ್ತೆ. ಆಗ ಗೊತ್ತಾಗುತ್ತೆ ನಿನ್ನ ಮಾತಿನ ರುಚಿ."

"ಆಗಲೂ ನೀವೇ ನಮ್ಮ ಪಕ್ಕದ ಮನೆಯವರು," ಅಂದೆ.

ಸಂಜೆ ರಾಚ ಬಸ್‌ಸ್ಟಾಪಿನಲ್ಲಿ ನಿಂತು ಟೀಚರಿಗೆ ಫೋನು ಮಾಡಿದ. ನಾನು ಪಕ್ಕದಲ್ಲಿದ್ದೆ. "ಮನೆ ಬೇಡ ಮೇಡಂ. ಇಲ್ಲ ಮೇಡಂ, ಬೇರೇನೂ ಕಾರಣ ಇಲ್ಲ. ರಾಜೇಶ ಅಲ್ಲ ಮೇಡಂ, ರಾಚ. ರಾಚ ಅಂತ." ಫೋನು ಇಟ್ಟು ನನ್ನ ಕಡೆ ನೋಡದೆ, "ತಮ್ಮಯ್ಯನಿಗೆ ಕೊಟ್ಟ ಮಾತು ತಪ್ಪಿದೆ," ಎಂದ. ನಿನ್ನ ಜೀವಮಾನದಲ್ಲಿ ನೀನು ಮಾಡಿದ ಎಲ್ಲಕ್ಕಿಂತ ಒಳ್ಳೆಯ ಕೆಲಸ ಅದು ಅಂದೆ. "ಸಾರಿಗಿಂತಲೂ?" ಅಂದ.

ಇದೆಲ್ಲ ಆಗಿ ಮೂವತ್ತೊಂದು ತಿಂಗಳಾಯಿತು. ನಿನ್ನೆ ಅಮಾವಾಸ್ಯೆ. ನೀಲಿ ಬಾಗಿಲಿನ ಮನೆ ಗುಂಡಿಗಳ ಪಕ್ಕ ಬಂದು ನಿಂತಿದೆ.

ನಾನು ಸುಳ್ಳು ಹೇಳುವುದಿಲ್ಲ. ವಾಸನೆ ಘೋರ. ಸುಣ್ಣದ ನೀರು ಗುಂಡಿ ತುಂಬಿ ಚೆಲ್ಲಿ ನಮ್ಮ ಮೆಟ್ಟಿಲ ಬುಡಕ್ಕೇ ಹರಿಯುತ್ತದೆ. ಬಸ್ಸಿಗೆ ಅರ್ಧ ಗಂಟೆ ನಡೆಯಬೇಕು. ಮೂವತ್ತೊಂದು ತಿಂಗಳ ಹಿಂದೆ ಬೆಂಚಿನ ಮೇಲೆ ಕೂತು ಗೂಟ ಬೇಡ ಅಂದವಳಿಗೆ ಹೊಳೆಯದೇ ಇದ್ದ ಒಂದು ಮಾತು ಈ ವಾಸನೆಯಲ್ಲಿ ಹೊಳೆಯಿತು. ಮನೆಗಳು ಸರಿಯುವ ಊರಿನಲ್ಲೂ ಹೇಡಿತನಕ್ಕೆ ಜಾಗವಿದೆ. ಎಷ್ಟು ಸುತ್ತಿನಿಂದಲೋ ಇಲ್ಲಿಗೆ ಬಂದವರೆಲ್ಲ ಮೂಗು ಮುಚ್ಚಿಕೊಂಡು ಮೂರು ತಿಂಗಳು ಕಳೆದು, ಮುಂದೆ ಹೋಗಿ, ಮರೆತಿದ್ದಾರೆ. ಗುಂಡಿಯೊಳಗೆ ಇಳಿದು ದುಡಿಯುವವರು ಮಾತ್ರ ಮನೆ ಎಲ್ಲೇ ಇರಲಿ, ದಿನಾ ಬಂದು ಇಳಿದಿದ್ದಾರೆ. ಗುಂಡಿ ಮುಚ್ಚಿ ಎನ್ನಲಾಗದು, ಅದು ಎಂಟು ಮನೆಯ ಅನ್ನ. ಆದರೆ ಚರಂಡಿ ತೋಡಬಹುದು. ನೀರು ಊರಾಚೆ ಹೋಗುವ ಹಾಗೆ, ಕಾಲು ಬಿರಿಯದೆ ಕೆಲಸ ಮಾಡುವ ಹಾಗೆ ಕಟ್ಟೆ ಕಟ್ಟಬಹುದು. ಮನೆಗೊಂದು ಆಳು ಬಂದರೆ ಅರವತ್ತೆರಡು ಆಳು. ಹದಿನೈದು ದಿನದ ಕೆಲಸ. ಅದನ್ನು ಇಷ್ಟು ವರ್ಷ ಯಾರೂ ಕಲ್ಲುಬೆಂಚಿನ ಮುಂದೆ ಹೋಗಿ ಕೇಳಿಲ್ಲ.

ಈ ತಿಂಗಳು ಬೆಂಚಿನ ಮೇಲೆ ಕೂತಿರುವವಳು ಹೊಂಬಾಳಮ್ಮ. ಅವಳ ಮನೆ ಬೀದಿಯ ತಲೆಗೆ ಬಂದಿದೆ.

ಇವತ್ತು ಬೆಳಿಗ್ಗೆ ರಾಚ ಗುದ್ದಲಿ ಹೆಗಲಿಗೇರಿಸಿದ. ತೀರ್ಪು ಬರುವ ಮೊದಲೇ ಯಾಕೆ ಅಂದೆ. "ಮುದುಕಿ ಬೇಡ ಅಂತಾಳಾ?" ಅಂದ. ನಾವು ಮೆಟ್ಟಿಲಿಳಿದಾಗ ಪಕ್ಕದ ದೊಡ್ಡ ಮನೆಯ ಬಾಗಿಲು ತೆರೆಯಿತು. ಈ ಸಲ ಅವರು ನೆಂಟರ ಮನೆಗೆ ಹೋಗಿಲ್ಲ. ಹಿಂದಿನ ಸಲ ಮೂರು ತಿಂಗಳು ಉಳಿದಿದ್ದು ಬಂದ ಮೇಲೆ ನೆಂಟರು ಮತ್ತೆ ಕರೆದಿಲ್ಲ ಎಂದು ಸೊಸೆ ನನಗೆ ಗುಟ್ಟಾಗಿ ಹೇಳಿದ್ದಾಳೆ. ತಮ್ಮಯ್ಯನವರು ಟವೆಲನ್ನು ಮೂಗಿಗೆ ಒತ್ತಿ ಹಿಡಿದು ಜಗಲಿಯ ಅಂಚಿನಲ್ಲಿ ನಿಂತಿದ್ದರು. ಮೂವತ್ತೊಂದು ತಿಂಗಳು ನನ್ನ ಜೊತೆ ಮಾತು ಬಿಟ್ಟವರು.

"ಎಲ್ಲಿಗೆ ಹೊರಟ್ರಿ?"

"ಹೊಂಬಾಳಮ್ಮನ ತಾವಕ್ಕೆ. ಚರಂಡಿ ಕೇಳೋಕೆ," ಅಂದೆ.

ಅವರು ಗುಂಡಿಯ ಕಡೆ ನೋಡಿದರು. ತಮ್ಮ ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದ ಬಿಳಿಯ ನೀರನ್ನು ನೋಡಿದರು. "ನಾನೂ ಬರ್ಲೇನವ್ವಾ?"

"ಬನ್ನಿ. ಕೇಳೋರು ಜಾಸ್ತಿ ಆದಷ್ಟೂ ಒಳ್ಳೇದೇ."

"ಅವಳ ಮುಂದೆ ನಾನು ನಿಂತ್ಕೊಂಡು ಕೇಳಬೇಕಾ?"

"ಕೂತೂ ಕೇಳಬಹುದು," ಅಂದೆ. "ನೆಲದ ಮೇಲೆ ಬೇಕಾದಷ್ಟು ಜಾಗ ಇದೆ."

ನಾವು ಕಾಯಲಿಲ್ಲ. ಹತ್ತು ಹೆಜ್ಜೆ ನಡೆದ ಮೇಲೆ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ತಿರುಗಿ ನೋಡಿದೆ. ತಮ್ಮಯ್ಯನವರು ಟವೆಲನ್ನು ಮೂಗಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಗುಡ್ಡದ ತಿರುವು ದಾಟಿ ಹೊಂಗೆಮರ, ಕಲ್ಲುಬೆಂಚು, ಅದರ ಮೇಲೆ ಕಾಲು ಚಾಚಿ ಕೂತ ಹೊಂಬಾಳಮ್ಮ ಕಣ್ಣಿಗೆ ಬಿದ್ದಾಗ ಅವರ ನಡಿಗೆ ನಿಧಾನವಾಯಿತು. ಹೆಗಲಿಂದ ಟವೆಲು ತೆಗೆದು, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡರು.